ಇಂದೇ ಕೊನೆಯ ಆಟ

ಪರದೆಯಣ್ಣ ಹುಟ್ಟಿನಿಂದಲೇ ಅನುಮಾನದ ಮನುಷ್ಯನೇನಲ್ಲ. ನಾಟಕಮಂದಿರದಲ್ಲಿ ಪರದೆ ಎಳೆಯುವ ಕೆಲಸಕ್ಕೆ ಸೇರಿದ ಮೇಲೆ ಹಾಗಾದ. ಪರದೆಯ ಮರೆಯಲ್ಲಿ ನಿಂತವನಿಗೆ ರಾಜನ ಕಿರೀಟ ರಟ್ಟಿನದೆಂದು ಗೊತ್ತು, ಸತ್ತುಬಿದ್ದ ನಾಯಕಿ ಒಳಗೆ ಬಂದು ಚಹಾ ಕೇಳುವುದೂ ಗೊತ್ತು. ಹಾಗಾಗಿ ತರಕಾರಿಯವನ ತಕ್ಕಡಿಯಿಂದ ಹಿಡಿದು ಹೆಂಡತಿಯ ತಲೆನೋವಿನವರೆಗೆ ಯಾವುದನ್ನೂ ಅವನು ಸುಮ್ಮನೆ ನಂಬಿದವನಲ್ಲ. "ಇವರ ನೆರಳು ಹಿಂದೆ ಬಂದ್ರೂ ಯಾಕೆ ಬಂದೆ ಅಂತ ಕೇಳ್ತಾರೆ" ಎಂದು ಹೆಂಡತಿ ನಗುತ್ತಿದ್ದಳು.

ಅನುಮಾನವಿಲ್ಲದೆ ಅವನು ಪ್ರೀತಿಸಿದ್ದು ಆ ಮಂದಿರದ ಕೆಂಪು ಮಖಮಲ್ಲಿನ ಪರದೆಯೊಂದನ್ನೇ. ಕೆಲಸ ಕಲಿಸಿದ್ದು ಸೋದರಮಾವ. ನಗಿಸುವ ನಾಟಕ ಮುಗಿದರೆ ಪರದೆ ದಢಕ್ಕನೆ ಇಳಿಯಬೇಕು; ಅಳಿಸುವ ನಾಟಕವಾದರೆ ಜನ ಕಣ್ಣೊರೆಸಿಕೊಳ್ಳುವಷ್ಟು ಹೊತ್ತು ಕೊಟ್ಟು ಇಳಿಯಬೇಕು. ಹಗ್ಗವನ್ನು ಗೂಟಕ್ಕೆ ಬಿಗಿಯುವ ಗಂಟೂ ಮಾವನದೇ. ಅದನ್ನು ಬಿಡಿಸುವ ಬಗೆ ಅಳಿಯನಿಗೆ ಬಿಟ್ಟರೆ ಬೇರೆ ಯಾರಿಗೂ ತಿಳಿಯದು. ಪರದೆ ಹರಿದಲ್ಲೆಲ್ಲ ಹೆಂಡತಿ ತನ್ನ ಕೆಂಪು ಶಾಲನ್ನು ಕತ್ತರಿಸಿ ತೇಪೆ ಹಾಕಿದ್ದಳು. ಮದುವೆಯಾದ ಹೊಸದರಲ್ಲಿ ಅವನೇ ತಂದುಕೊಟ್ಟ ಶಾಲು ಅದು.

ಒಂದು ದಿನ ಮ್ಯಾನೇಜರು ಎಲ್ಲರನ್ನೂ ರಂಗದ ಮೇಲೆ ಕರೆದು, ಮಂದಿರ ಮುಚ್ಚುತ್ತಿದೆ, ಈ ಶನಿವಾರದ್ದೇ ಕೊನೆಯ ಆಟ ಎಂದರು. ಟಿಕೆಟ್ ಕೊಡುವಾಕೆ ಗಳಗಳನೆ ಅತ್ತಳು. ಪರದೆಯಣ್ಣ ಒಳಗೊಳಗೇ ನಕ್ಕ.

ನಗದೆ ಇನ್ನೇನು? 'ಇಂದೇ ಕೊನೆಯ ಆಟ! ತಪ್ಪಿದರೆ ಮತ್ತೆ ಸಿಗದು!' ಎಂಬ ಹಲಗೆಯನ್ನು ಎಷ್ಟೋ ಸಲ ಬಾಗಿಲಿಗೆ ನೇತುಹಾಕಿದವನು ಅವನೇ. ಕುರ್ಚಿಗಳು ಖಾಲಿ ಹೊಡೆಯತೊಡಗಿದಾಗಲೆಲ್ಲ ಆ ಹಲಗೆ ಉಗ್ರಾಣದಿಂದ ಹೊರಬರುತ್ತಿತ್ತು. ಜನ ಮುಗಿಬೀಳುತ್ತಿದ್ದರು. ಮರುವಾರ 'ಜನರ ಒತ್ತಾಯದ ಮೇರೆಗೆ' ಅದೇ ನಾಟಕ ಮತ್ತೆ ಶುರು. ಈ ಸಲವೂ ಅದೇ ಹಲಗೆ, ಅದೇ ಮೊಳೆ. ಹೊಸದಾಗಿ ಬಣ್ಣ ಕೂಡ ಬಳಿದಿರಲಿಲ್ಲ.

ಆದರೆ ಗುರುವಾರ ಟೇಪು ಹಿಡಿದ ಒಬ್ಬ ಬಂದು ರಂಗದ ಅಗಲ ಅಳೆದ. ಪರದೆಯ ಮೇಲಿನ ತೊಲೆಯನ್ನು ದಿಟ್ಟಿಸಿ, "ಇದು ಭಾರ ತಡೆಯುತ್ತಾ?" ಎಂದು ಮ್ಯಾನೇಜರನ್ನು ಕೇಳಿದ. ಅದೇ ದಿನ ಸುಟ್ಟ ಬಲ್ಬುಗಳನ್ನೆಲ್ಲ ತೆಗೆದು ಹೊಸವನ್ನು ಹಾಕಿಸಿದರು. ಮುಚ್ಚುವ ಮಂದಿರಕ್ಕೆ ಹೊಸ ಬಲ್ಬು ಯಾಕೆ? ತೊಲೆಗೆ ಯಾವ ಭಾರ? ಪರದೆಯಣ್ಣನ ತಲೆಗೆ ಹುಳ ಬಿಟ್ಟಂತಾಯಿತು.

"ಮೋಟಾರು ಕಣೇ," ಎಂದ ಹೆಂಡತಿಗೆ. "ಗುಂಡಿ ಒತ್ತಿದ್ರೆ ಪರದೆ ಇಳಿಸೋ ಮೋಟಾರು. ಮುಚ್ತೀವಿ ಅಂತ ಹೇಳಿ ನನ್ನನ್ನ ಮನೆಗೆ ಕಳಿಸಿ, ಆಮೇಲೆ ಮೆತ್ತಗೆ ಬಾಗಿಲು ತೆಗೀತಾರೆ."

"ನಿಮ್ಮೊಬ್ರನ್ನ ಕಳಿಸೋಕೆ ಅಷ್ಟು ದೊಡ್ಡ ನಾಟಕ ಆಡ್ತಾರಾ?"

"ನಾಟಕ ಆಡೋದೇ ಅವರ ಕಸುಬಲ್ವಾ?"



ಶನಿವಾರ ಮಧ್ಯಾಹ್ನ ರಂಗ ಗುಡಿಸಲೆಂದು ಪರದೆಯನ್ನು ಮೇಲೇರಿಸಿದವನು ಮಾವನ ಗಂಟನ್ನು ಎಂದಿಗಿಂತ ಬಿಗಿಯಾಗಿ ಹಾಕಿ, ಮನೆಗೆ ಬಂದು ಹೊದ್ದು ಮಲಗಿದ. ಪರದೆ ಇಳಿಸಲಾಗದೆ ಒದ್ದಾಡಲಿ, ಮ್ಯಾನೇಜರೇ ಓಡಿಬಂದು ನೀನಿಲ್ಲದೆ ಆಗದು ಎನ್ನಲಿ. ಅವನಿಗೆ ಬೇಕಿದ್ದದ್ದು ಅಷ್ಟೇ.

"ಜ್ವರ ಅಂತ ಹೇಳು," ಎಂದ ಹೆಂಡತಿಗೆ.

ಹಣೆ ಮುಟ್ಟಿದವಳಿಗೆ ಜ್ವರ ಎಲ್ಲೂ ಸಿಗಲಿಲ್ಲ. ಆದರೂ ಹಾಗೇ ಹೇಳಲು ಒಪ್ಪಿ ಆಟ ನೋಡಲು ಹೊರಟಳು. ಅವಳು ಹೋದದ್ದೇ ತಡ, ಎದ್ದು ಅಂಗಿ ತೊಟ್ಟು ತಲೆ ಬಾಚಿಕೊಂಡು ಮತ್ತೆ ಹೊದಿಕೆಯೊಳಗೆ ನುಸುಳಿದ. ಕರೆಯಲು ಬಂದರೆ ತಡವಾಗಬಾರದಲ್ಲ. ಬೀದಿಯಲ್ಲಿ ಹೆಜ್ಜೆ ಸದ್ದಾದರೆ ನರಳುವುದು, ಹೆಜ್ಜೆ ಮುಂದೆ ಹೋದರೆ ಸುಮ್ಮನಾಗುವುದು. ಬಾಗಿಲನ್ನು ಯಾರೂ ತಟ್ಟಲಿಲ್ಲ.

ಹಿಂತಿರುಗಿದ ಹೆಂಡತಿಯ ಕಣ್ಣು ಕೆಂಪಾಗಿತ್ತು.

"ಯಾಕೆ ಯಾರೂ ಬರ್ಲಿಲ್ಲ?"

"ಹೊರಟಿದ್ರು. ಮ್ಯಾನೇಜರೇ ತಡೆದ್ರು. 'ಮೈ ನೆಟ್ಟಗಿದ್ರೆ ಅವನು ಈ ದಿನ ತಪ್ಪಿಸ್ಕೊಳ್ಳೋನಲ್ಲ. ಪಾಪ, ಮಲಗಲಿ' ಅಂದ್ರು."

ಅವನು ಎದ್ದು ಕುಳಿತ. "ಪರದೆ?"

"ಇಳೀಲೇ ಇಲ್ಲ. ಆಟ ಮುಗಿದು ಎಲ್ರೂ ತಲೆಬಾಗಿ ನಿಂತ್ರು. ಜನ ಚಪ್ಪಾಳೆ ಹೊಡೆದೂ ಹೊಡೆದೂ ಸುಮ್ನಾದ್ರು, ಆದ್ರೂ ಒಬ್ರೂ ಏಳ್ಲಿಲ್ಲ. ಪರದೆ ಬೀಳದೆ ಹೇಗೆ ಏಳೋದು? ಯಾರೋ ಹಗ್ಗ ಕತ್ತರಿಸೋಣ ಅಂದ್ರು. 'ಅವನ ಗಂಟು, ಅವನೇ ಬಿಚ್ಚಲಿ' ಅಂತ ಮ್ಯಾನೇಜರು ದೀಪ ಆರಿಸಿಬಿಟ್ರು. ಕೊನೇ ದಿನ ಮಂದಿರ ಬೆಳಗಲಿ ಅಂತ ಹೊಸ ಬಲ್ಬು ಹಾಕ್ಸಿದ್ರಂತೆ."

"ಆ ಟೇಪಿನವನು?"

"ಅವನೇ ಕೊಂಡಿರೋದು. ಸಿಮೆಂಟು ಗೋದಾಮು ಮಾಡ್ತಾನೆ. ಆ ತೊಲೆಗೆ ಮೂಟೆ ಎತ್ತೋ ಸರಪಳಿ ಕಟ್ತಾನಂತೆ."

ಬೆಳಗ್ಗೆ ಹೋದಾಗ ಹಲಗೆ ಇನ್ನೂ ಬಾಗಿಲಲ್ಲೇ ಇತ್ತು. ತನ್ನ ಕೈಯಾರೆ ನೇತುಹಾಕುತ್ತಿದ್ದ ಅಕ್ಷರಗಳನ್ನು ಅವನು ಅಂದು ನಿಂತು ಓದಿದ. ತಪ್ಪಿದರೆ ಮತ್ತೆ ಸಿಗದು. ಜನ್ಮದಲ್ಲಿ ಒಂದೇ ಒಂದು ಸಲ ಆ ಹಲಗೆ ನಿಜ ಹೇಳಿತ್ತು.

ಒಳಗೆ ಆಳುಗಳು ಕುರ್ಚಿ ಕೀಳುತ್ತಿದ್ದರು. ಮುಂದಿನ ಸಾಲಲ್ಲಿ ಉಳಿದ ಒಂದರಲ್ಲಿ ಮ್ಯಾನೇಜರು ಕುಳಿತಿದ್ದರು. ಅವನನ್ನು ಕಂಡು, ಬಿಚ್ಚು ಎಂಬಂತೆ ಹಗ್ಗದ ಕಡೆ ತಲೆ ಆಡಿಸಿದರು.

ಅಷ್ಟು ಬಿಗಿದ ಗಂಟು ಅವನಿಗೇ ಜಗ್ಗಲಿಲ್ಲ. ಉಗುರು ಕಿತ್ತು ರಕ್ತ ಬಂದ ಮೇಲೆ ಸಡಿಲವಾಯಿತು. ನಿಧಾನವಾಗಿ, ಅಳಿಸುವ ನಾಟಕಕ್ಕಿಂತಲೂ ನಿಧಾನವಾಗಿ ಇಳಿಸಿದ. ಹೆಂಡತಿಯ ಶಾಲಿನ ತೇಪೆಗಳು ಒಂದೊಂದಾಗಿ ಕಣ್ಣ ಮುಂದೆ ಹಾದುಹೋದವು. ಪರದೆಯ ಅಂಚು ನೆಲ ಮುಟ್ಟುವಾಗ ಆಚೆ ಕುರ್ಚಿ ಕೀಳುವ ಸದ್ದು ನಿಂತಿತು.

"ಜ್ವರ ಬಿಡ್ತೇನಪ್ಪಾ?" ಎಂದು ಆಚೆಯಿಂದ ಮ್ಯಾನೇಜರು ಕೇಳಿದರು.

ಆ ದನಿಯಲ್ಲಿ ಕುಹಕವೇನಾದರೂ ಇದೆಯೇ ಎಂದು ಪರದೆಯಣ್ಣ ಕಿವಿಗೊಟ್ಟು ಹುಡುಕಿದ. ಎಳ್ಳಷ್ಟೂ ಇರಲಿಲ್ಲ.

"ಬಿಡ್ತು," ಎಂದು ಪರದೆಯ ಹಿಂದೆಯೇ ನಿಂತು ಅತ್ತ.