ಕಳ್ಳಿಗೆ ಕಂಬಳಿ

ಆ ಭಾನುವಾರ ನಮ್ಮ ಯಜಮಾನರು ಊಟಕ್ಕೆ ಕೂತು ಎರಡನೆಯ ಮುದ್ದೆ ಹಾಕಿಸಿಕೊಂಡರು. ಅವರೆಕಾಳಿನ ಸಾರು. ಉಪ್ಪು ಒಂದು ಚೂರು ಮುಂದಾಗಿದೆ ಎಂದರು. ಕೈ ತೊಳೆದು ಹಿತ್ತಲಿಗೆ ಹೋಗಿ, ತಮ್ಮ ಕಳ್ಳಿ ಗಿಡದ ಕುಂಡವನ್ನು ಎತ್ತಿ ಸೂರಿನ ಕೆಳಗಿಟ್ಟರು. ಅಷ್ಟೇ. ಅದಕ್ಕಿಂತ ಮಾಮೂಲಿ ದಿನ ಇರುವುದು ಸಾಧ್ಯವೇ?

ಮಾರನೆಯ ದಿನ ಮದ್ದೂರಿನ ಆಫೀಸಿನಿಂದ ನಡುಗುತ್ತ ಬಂದರು. ಚಳಿಜ್ವರ. ನಾಲೆ ಬಂದ ಮೇಲೆ ನಮ್ಮ ಬೆಸಗರಹಳ್ಳಿ ಸುತ್ತಿನಲ್ಲಿ ಅದು ಹೊಸದಲ್ಲ, ಬರುತ್ತದೆ, ಬಿಡುತ್ತದೆ. ಈ ಸಲ ಬಿಡಲಿಲ್ಲ. ಯುದ್ಧದ ದೆಸೆಯಿಂದ ಕ್ವಿನೈನ್ ಸಿಗುವುದೇ ಕಷ್ಟ. ಸಿಕ್ಕಿದ್ದು ಸಾಲಲಿಲ್ಲ. ಆ ವಾರ ದಾಟಲಿಲ್ಲ ಅವರು.

(ಈ ಅಂಕಣ ಇಷ್ಟು ದಿನ ಯಾಕೆ ನಿಂತಿತ್ತು ಎಂದು ಕೇಳಿದವರಿಗೆ ಇದೇ ಉತ್ತರ.)

ಈಗ ಕಳ್ಳಿಯ ವಿಷಯ. ಬೇಲಿಯ ಕಳ್ಳಿಯಲ್ಲ ಅದು. ಕಲ್ಲಂಗಡಿಯ ಹಾಗೆ ದುಂಡಗೆ, ಮೈಯೆಲ್ಲ ಏಣು, ಏಣಿನ ಮೇಲೆ ಮುಳ್ಳು. ಬೆಂಗಳೂರಿನ ಸ್ನೇಹಿತರೊಬ್ಬರು ಕೊಟ್ಟದ್ದು. ಎಲ್ಲೋ ಸಮುದ್ರದ ನಡುವಿನ ಬಿಸಿ ಸೀಮೆಯದಂತೆ, ಚಳಿ ತಡೆಯದಂತೆ. ನಮ್ಮ ಚಳಿ ಏನು ಮಹಾ, ಹಿಮ ಬೀಳುತ್ತದೆಯೇ ಎಂದು ನೀವು ಕೇಳಬಹುದು. ಮಾಗಿಯ ಬೆಳಗಿನಲ್ಲಿ ನಾಲೆ ಬಯಲಿಗೆ ಬಂದು ನಿಂತು ನೋಡಿ. ಗದ್ದೆಯಿಂದೆದ್ದ ಇಬ್ಬನಿ ಹಿತ್ತಲವರೆಗೂ ಬರುತ್ತದೆ. ಆ ಗಿಡಕ್ಕೆ ಅಷ್ಟೇ ಸಾಕು.

ಅದು ಮನೆಗೆ ಬಂದ ದಿನ ಪಕ್ಕದ ಮನೆಯ ನಿಂಗಮ್ಮ ನಕ್ಕಿದ್ದೇ ನಕ್ಕಿದ್ದು. "ಬೇಲೀಲಿ ಬೆಳಿಯೋದ ತಂದು ಕುಂಡದಲ್ಲಿ ಮಡಗವ್ನಲ್ಲ, ನಿನ್ ಮಗನ್ಗೆ ಬುದ್ಧಿ ಎಲ್ಲೋಯ್ತವ್ವ" ಎಂದು ನಮ್ಮ ಅತ್ತೆಯನ್ನು ಕೇಳಿದಳು. "ನಿನ್ ಗಂಡ ಕುಂಡಾನೂ ಮಡಗ್ನಿಲ್ಲ, ಬುದ್ಧೀನೂ ಮಡಗ್ನಿಲ್ಲ, ಸುಮ್ಕಿರು" ಎಂದರು ಅತ್ತೆ.

ಅದೇ ಅತ್ತೆ, ಮಗ ಹೋದ ಮೇಲೆ, ದಿನಾ ಬೆಳಿಗ್ಗೆ ತುಳಸಿಗೆ ನೀರು ಹಾಕಿ ಆ ಕಳ್ಳಿಗೂ ಒಂದು ತಂಬಿಗೆ ಸುರಿಯತೊಡಗಿದರು. ತುಂಬಿದ ತಂಬಿಗೆ. ಚಳಿ ಹೆಚ್ಚಿದ ದಿನ ಎರಡು. ನಮ್ಮವರ ಲೆಕ್ಕವೇ ಹಾಗೆ. ಪೈರು ಬಾಡಿತೇ, ನೀರು ಕಟ್ಟು. ಚಳಿಗೆ ಎಲೆ ಮುದುರಿತೇ, ಅದಕ್ಕೂ ನೀರು ಕಟ್ಟು. ಮಳೆಗಾಗಿ ಮುಗಿಲು ನೋಡಿ ಬೆಳೆದವರಿಗೆ ನಾಲೆ ಬಂದ ಮೇಲೆ ನೀರು ಯಾವುದಕ್ಕೆ ತಾನೇ ಮದ್ದಲ್ಲ?

ಆದರೆ ಆ ಗಿಡಕ್ಕೆ ಮದ್ದಲ್ಲ. ನನಗದು ಗೊತ್ತಿತ್ತು. ಆ ಭಾನುವಾರವೇ ಯಜಮಾನರು ಹೇಳಿದ್ದರು: "ಇನ್ನು ಶಿವರಾತ್ರಿಗಂಟ ಇದಕ್ಕೆ ನೀರು ಆಕ್ಬೇಡ ಕಣೆ. ಚಳೀಲಿ ಬೇರು ನೆಂದ್ರೆ ಕೊಳೆತೋಯ್ತದೆ."

ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ? ಹೇಳುತ್ತೇನೆ.

ಜ್ವರದಲ್ಲಿ ಅವರು ನೀರು ನೀರು ಎಂದು ಕೇಳುತ್ತಿದ್ದರು. ಚಳಿಜ್ವರದವರಿಗೆ ತಣ್ಣೀರು ಕೊಡಬಾರದು ಎನ್ನುವುದು ನಮ್ಮ ಮನೆಗಳ ಪದ್ಧತಿ. ಅತ್ತೆ ಜೀರಿಗೆ ಕಾಯಿಸಿದ ನೀರನ್ನು ಚಮಚದಲ್ಲಿ ತುಟಿಗೆ ಮುಟ್ಟಿಸುವರು, ಅಷ್ಟೇ. ಚಳಿ ಬಿಡಲಿ ಮಗ, ತಂಬಿಗೆ ತುಂಬ ಕೊಡ್ತೀನಿ ಎಂದು ಸಮಾಧಾನ ಹೇಳುವರು. ಚಳಿ ಬಿಡಲೇ ಇಲ್ಲ. ಆ ತಂಬಿಗೆ ಈಗ ಕಳ್ಳಿಗೆ ಹೋಗುತ್ತಿತ್ತು. ಅದನ್ನು ಯಾವ ಬಾಯಲ್ಲಿ ಬೇಡ ಎನ್ನಲಿ?

ಸಂಕ್ರಾಂತಿಯ ಹೊತ್ತಿಗೆ ಗಿಡದ ಬುಡ ಹಳದಿ ಬಣ್ಣಕ್ಕೆ ತಿರುಗಿತು. ಬೆರಳಿನಿಂದ ಒತ್ತಿದರೆ ಕೊಳೆತ ಸೋರೆಕಾಯಿಯ ಹಾಗೆ ಮೆತ್ತಗೆ. ಯಜಮಾನರು ಬಿಟ್ಟುಹೋದ ಜೀವವಿರುವ ವಸ್ತು ಅದೊಂದೇ. (ನಮಗೆ ಮಕ್ಕಳಿಲ್ಲ.) ಅತ್ತೆ ತಂಬಿಗೆ ಹಿಡಿದು ಬಂದಾಗ ಅಡ್ಡ ನಿಂತೆ. ನೀರು ಹಾಕಿದರೆ ಇದೂ ಸಾಯುತ್ತದೆ ಎಂದೆ.

ಅವರು ತಂಬಿಗೆ ಇಳಿಸಲಿಲ್ಲ.

"ನೀರು ಕೇಳ್ಕೊಂಡೇ ಓದ ಕಣವ್ವ ನನ್ ಮಗ. ನಾನೇ ಬ್ಯಾಡ ಅಂದೆ. ಈಗ ಇದ್ಕೂ ಬ್ಯಾಡ ಅಂತೀಯಾ?"

"ಅವರೇ ಅಂದಿದ್ರು ಅತ್ತೆಮ್ಮ. ಚಳೀಲಿ ಇದಕ್ಕೆ ಬಾಯಾರಾಕಿಲ್ಲ. ಮಳೆಗಾಲದಲ್ಲಿ ಕುಡಿದಿದ್ದೇ ಒಟ್ಟೇಲಿ ಇರ್ತದೆ."

ಅತ್ತೆ ಗಿಡವನ್ನೇ ನೋಡಿದರು. ಬಗ್ಗಿ ಮುಳ್ಳುಗಳ ನಡುವೆ ಬೆರಳಿಟ್ಟು, ಮಗುವಿನ ಹೊಟ್ಟೆ ಮುಟ್ಟಿ ನೋಡುವ ಹಾಗೆ ಮೆಲ್ಲಗೆ ಒತ್ತಿದರು.

"ಅಂಗಾರೆ ಬಾಯಾರಿ ಅಲ್ವಾ ಇದು ಇಂಗಾಗಿರೋದು?"

ಅಲ್ಲ ಎಂದೆ. ಇನ್ನೊಂದು ಮಾತೂ ಹೇಳಿಬಿಟ್ಟೆ. ಮದ್ದೂರಿನ ಡಾಕ್ಟರನ್ನು ನಾನು ಕೇಳಿದ್ದೆ, ಜ್ವರ ತಲೆಗೇರಿತ್ತಂತೆ, ನೀರು ಕೊಟ್ಟಿದ್ದರೂ ಅವರು ಉಳಿಯುತ್ತಿರಲಿಲ್ಲವಂತೆ. ಕೊಟ್ಟಿದ್ದರೆ ಕೆಡುಕೇನೂ ಆಗುತ್ತಿರಲಿಲ್ಲ ಎಂದೂ ಡಾಕ್ಟರು ಹೇಳಿದ್ದರು. ಅದನ್ನು ಹೇಳಲಿಲ್ಲ. (ಅತ್ತೆಗೆ ಓದು ಬಾರದು. ಅವರಿಗೆ ಇದನ್ನು ಓದಿ ಹೇಳುವವರು ದಯವಿಟ್ಟು ಈ ಪ್ಯಾರಾ ಬಿಟ್ಟು ಮುಂದೆ ಹೋಗಿ.)

ತಂಬಿಗೆಯ ನೀರನ್ನು ಅತ್ತೆ ಕರಿಬೇವಿನ ಬುಡಕ್ಕೆ ಸುರಿದರು. ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಹಳ ಹೊತ್ತು ಅತ್ತರು. ಮಗ ಹೋದ ದಿನವೂ ಅವರು ಹಾಗೆ ಅತ್ತಿರಲಿಲ್ಲ.

ಅಳು ನಿಂತ ಮೇಲೆ, ಏನು ಮಾಡಬೇಕು ಹೇಳು ಎಂದರು. ಇಬ್ಬರೂ ಹಳೇ ಗೋಣಿಚೀಲ ಕೈಗೆ ಸುತ್ತಿಕೊಂಡು ಗಿಡವನ್ನು ಕುಂಡದಿಂದ ಕಿತ್ತೆವು. ಹಸಿ ಮಣ್ಣು ಕೊಡವಿದೆವು. ಕೊಳೆತ ಬೇರನ್ನು, ಮೆತ್ತಗಾದ ಬುಡವನ್ನು, ಗಟ್ಟಿ ಭಾಗ ಕಾಣುವವರೆಗೂ ಚಾಕುವಿನಿಂದ ಕೆತ್ತಿ, ಒಲೆಯ ಬೂದಿ ಮೆತ್ತಿದೆವು. ಗಾಯ ಒಣಗಿ ಹಕ್ಕಳೆ ಕಟ್ಟುವವರೆಗೂ ಮಣ್ಣು ಮುಟ್ಟಿಸದೆ ಜಗುಲಿಯ ಮೇಲಿಟ್ಟೆವು. ಆಮೇಲೆ ಕುಂಡಕ್ಕೆ ಇಟ್ಟಿಗೆ ಚೂರು, ಒಣ ಮರಳು ತುಂಬಿ ನೆಟ್ಟೆವು. ಹಗಲು ಬಿಸಿಲು. ಸಂಜೆಯಾದರೆ ಬಚ್ಚಲ ಹಂಡೆಯ ಒಲೆಯಿಂದ ಒಂದು ಮಾರು ದೂರ, ಗೋಡೆಯ ಬಿಸುಪು ತಾಗುವಷ್ಟು. ಮೇಲೊಂದು ಕಂಬಳಿ, ಬಂಡೂರಿನ ನನ್ನ ತವರಿನಿಂದ ಬಂದದ್ದು. ಮುಳ್ಳಿಗೆ ಭಾರ ಬೀಳದಿರಲೆಂದು ನಾಲ್ಕು ಕಡ್ಡಿ ನೆಟ್ಟು ಅದರ ಮೇಲೆ ಹೊದಿಸುವುದು. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ತೆಗೆಯುವುದು.

ಕಂಬಳಿಯ ಕೆಲಸ ಅತ್ತೆಯದಾಯಿತು. ನನ್ನನ್ನು ಹತ್ತಿರ ಬಿಡರು. ನಿಂಗಮ್ಮ ಇಣುಕಿ ನೋಡಿ, ಕಳ್ಳಿಗೂ ಕಂಬಳಿ ಒದಿಸ್ತೀರಲ್ಲ ಎಂದಳು. ಈ ಸಲ ನಗಲಿಲ್ಲ. ಮಾರನೆಯ ದಿನ ಅವಳೇ ಒಂದು ಬುಟ್ಟಿ ಒಣ ಮರಳು ತಂದು ಹಿತ್ತಲಲ್ಲಿ ಸುರಿದು ಹೋದಳು.

ಹಾಕುವುದು ಸುಲಭ, ಸ್ವಾಮಿ. ಅನ್ನ ಹಾಕುತ್ತೇವೆ, ನೀರು ಹಾಕುತ್ತೇವೆ, ಬುದ್ಧಿಮಾತನ್ನೂ ಹಾಕುತ್ತೇವೆ. ಹಾಕದೆ ಪಕ್ಕದಲ್ಲಿ ಕೂತು ಕಾಯುವುದನ್ನು ನಮಗೆ ಯಾರು ಕಲಿಸಿದ್ದಾರೆ?

ಶಿವರಾತ್ರಿ ಕಳೆಯಿತು. ಮೊನ್ನೆ ಅತ್ತೆ ಗಿಡ ಒತ್ತಿ ನೋಡಿ ನನ್ನನ್ನು ಕೂಗಿದರು. ಕಲ್ಲಿನ ಹಾಗೆ ಗಟ್ಟಿ. ನೆತ್ತಿಯಲ್ಲಿ ಎಳೆಯ ಮುಳ್ಳು, ಇನ್ನೂ ಕೆಂಪಗೆ. "ಬದುಕ್ತು ಕಣವ್ವ" ಎಂದವರು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟರು. ಅರ್ಧ ತಂಬಿಗೆ ನೀರು ನಾನೇ ತಂದುಕೊಟ್ಟೆ. ಸುತ್ತಲೂ ನಿಧಾನವಾಗಿ ಹನಿಸಿದರು. ಎಷ್ಟೋ ದಿನದ ಮೇಲೆ ಅಂದು ಮಧ್ಯಾಹ್ನ ಇಬ್ಬರೂ ಹೊಟ್ಟೆ ತುಂಬ ಉಂಡೆವು.

ಸಂಜೆ ಅತ್ತೆ, ಇದು ಹೂ ಬುಟ್ರೆ ಯಾವ ಬಣ್ಣ ಎಂದು ಕೇಳಿದರು.

ಅದು ಅವರ ಮಗನಿಗೆ ಗೊತ್ತಿತ್ತು, ನನಗೆ ಗೊತ್ತಿಲ್ಲ.