ಅದು ಯಾರು, ತಂಗಿ?

ಆಕೆಯ ಬಲಗೈ ತೋರುಬೆರಳಿನ ತುದಿ ಯಾವಾಗಲೂ ಯಾವುದಾದರೊಂದು ಬಣ್ಣದಲ್ಲಿರುತ್ತಿತ್ತು. ಒಂದು ದಿನ ಕಡುಗೆಂಪು, ಇನ್ನೊಂದು ದಿನ ಗಿಳಿಹಸಿರು. ಸೀರೆಗೆ ಕುಚ್ಚು ಕಟ್ಟುವ ರೇಷ್ಮೆದಾರವನ್ನು ನಾಲಿಗೆಗೆ ತಾಗಿಸಿ ಬೆರಳಲ್ಲಿ ಹೊಸೆದು ಹೊಸೆದು ಅಂಟಿದ ಬಣ್ಣ ಅದು. ಆ ಬೆರಳನ್ನು ಪುಸ್ತಕದ ಸಾಲಿನ ಕೆಳಗೆ ಒತ್ತಿ ಹಿಡಿದಳೆಂದರೆ ಗೊತ್ತಿಲ್ಲದ ಪದ ಬಂತು ಅಂತ ಅರ್ಥ. ತಿಳಿಯುವವರೆಗೆ ಬೆರಳು ಅಲ್ಲಿಂದ ಕದಲುತ್ತಿರಲಿಲ್ಲ, ಪಾಠ ಎರಡು ಪುಟ ಮುಂದೆ ಹೋದರೂ ಅಷ್ಟೇ. ಅವಳ ಪಠ್ಯಪುಸ್ತಕದ ತುಂಬಾ ಬಣ್ಣದ ಮಚ್ಚೆಗಳಿದ್ದವು. ಪಕ್ಕದಲ್ಲಿ ಕೂರುತ್ತಿದ್ದ ನನಗೆ ಅವನ್ನು ನೋಡಿದರೆ ನಾಚಿಕೆಯಿಂದ ಮೈ ಹಿಡಿಯಾಗುತ್ತಿತ್ತು. ನನ್ನ ಪುಸ್ತಕದಲ್ಲಿ ಒಂದು ಮಚ್ಚೆಯೂ ಇರಲಿಲ್ಲ. ಗೊತ್ತಿಲ್ಲದ ಪದಗಳು ಮಾತ್ರ ಅವಳಿಗಿಂತ ಹೆಚ್ಚೇ ಇದ್ದವು.

ಚಿತ್ರದುರ್ಗದ ಹೊರಗಿನ ಪಿಜಿ ಸೆಂಟರಿನಲ್ಲಿ ನಾವಿಬ್ಬರೂ ಇಂಗ್ಲಿಷ್ ಎಂಎ ಓದುತ್ತಿದ್ದೆವು. ನಾನು ಆಗಷ್ಟೇ ಡಿಗ್ರಿ ಮುಗಿಸಿ ಬಂದ ಬಬ್ಬೂರಿನ ಹುಡುಗಿ. ಅವಳು ಪಕ್ಕದ ಹಿರಿಯೂರಿನ ಗೃಹಿಣಿ, ನಲವತ್ತು ದಾಟಿತ್ತು, ಮಗ ಐಟಿಐ ಸೇರಿದ್ದ. ಮನೆಯಲ್ಲೇ ಕುಚ್ಚು ಕಟ್ಟುತ್ತಾ ಅಂಚೆ ಮೂಲಕ ಬಿಎ ಮಾಡಿಕೊಂಡಿದ್ದಳು. ಮೊದಲ ದಿನ ನಾನು ‘ನೀವು’ ಅಂದಿದ್ದಕ್ಕೆ, “ಅಯ್ಯ, ನೀವು ಗೀವು ಅಂದ್ರೆ ಇನ್ನೂ ಹತ್ತು ವರ್ಷ ವಯಸ್ಸಾದಂಗಾಗ್ತೈತೆ. ಅಕ್ಕ ಅನ್ನು, ನೀನು ಅನ್ನು” ಅಂದಿದ್ದಳು. ಅಂದಿನಿಂದ ಅಕ್ಕ. ಹಿರಿಯೂರಿನಿಂದ ದುರ್ಗಕ್ಕೆ ಒಂದೇ ಬಸ್ಸು, ಒಂದೇ ಸೀಟು. ಅವಳ ಮಡಿಲಲ್ಲಿ ಯಾರದೋ ಮದುವೆ ಸೀರೆಯ ಸೆರಗು, ನನ್ನ ಮಡಿಲಲ್ಲಿ ಮೊಬೈಲು.

ನಾನೂ ಪದ ಕಲಿಯುತ್ತಿದ್ದೆ, ಇಲ್ಲವೆಂದಲ್ಲ. ಮೊಬೈಲಿನಲ್ಲಿ ದಿನಕ್ಕೊಂದು ಪದ ಬರುವ ಆ್ಯಪ್ ಹಾಕಿಕೊಂಡಿದ್ದೆ. ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ತೆಗೆದು ಪ್ರತಿ ಪದವನ್ನೂ ಡಿಕ್ಷನರಿಯಲ್ಲಿ ಹುಡುಕುತ್ತಿದ್ದೆ. ಡಿಕ್ಷನರಿ ಹೇಳುವ ಅರ್ಥವೇ ಅರ್ಥವಾಗದೆ ಆ ಅರ್ಥದ ಅರ್ಥಕ್ಕೆ ಇನ್ನೊಂದು ಪುಟ ತಿರುಗಿಸುತ್ತಿದ್ದೆ. ಹೀಗೆ ಗುಡ್ಡೆ ಹಾಕಿದ ಪದಗಳು ಪರೀಕ್ಷೆಯಲ್ಲಿ ಚೆನ್ನಾಗಿ ಕಾಣುತ್ತಿದ್ದವು. ಬಾಯಿಗೆ ಮಾತ್ರ ಬರುತ್ತಿರಲಿಲ್ಲ. ಬಬ್ಬೂರಿನ ಕೃಷಿ ಫಾರಂನಲ್ಲಿ ಕೆಲಸಕ್ಕಿದ್ದ ನಮ್ಮಪ್ಪ ಕಂಡಕಂಡವರಿಗೆಲ್ಲ “ನನ್ ಮಗ್ಳು ಇಂಗ್ಲಿಷ್ ಎಂಎ” ಅಂತ ಹೇಳಿಕೊಂಡು ಬಂದಿದ್ದ. ಹಾಗಾಗಿ ಊರಿನವರು ಕೀಟನಾಶಕದ ಡಬ್ಬಿ ಹಿಡಿದು, “ಇದ್ರ ಮ್ಯಾಲೆ ಏನ್ ಬರ್ದೈತೆ ನೋಡವ್ವ” ಅಂತ ಬರುತ್ತಿದ್ದರು. ಅವರ ದನಿ ಕೇಳಿದರೆ ನಾನು ಹಿತ್ತಲಿಗೆ ಓಡಿ ಬಟ್ಟೆ ಒಗೆಯಲು ಕೂರುತ್ತಿದ್ದೆ. ನಮ್ಮ ಮನೆಯಲ್ಲಿ ಆ ಎರಡು ವರ್ಷ ಒಗೆದಷ್ಟು ಬಟ್ಟೆ ಮತ್ತೆಂದೂ ಒಗೆದಿಲ್ಲ.

ಅಕ್ಕನ ದಾರಿಯೇ ಬೇರೆ. ಅವಳು ಪದಗಳನ್ನು ಎಲ್ಲೂ ಬರೆದಿಟ್ಟುಕೊಳ್ಳುತ್ತಿರಲಿಲ್ಲ. ಒಂದು ಪದಕ್ಕೆ ಒಬ್ಬ ಮನುಷ್ಯನನ್ನು ಹುಡುಕುತ್ತಿದ್ದಳು. ‘ರಿಲಕ್ಟೆಂಟ್’ ಅಂದರೆ ಅವಳ ಗಂಡ. ಹೆಂಡತಿಯ ತವರಿನ ಮದುವೆಗೆ ಹೊರಡುವಾಗ ಅಂಗಿಯ ಒಂದೊಂದು ಗುಂಡಿಗೂ ಒಂದೊಂದು ನಿಟ್ಟುಸಿರು ಬಿಡುವವನು. ‘ಮೆಟಿಕ್ಯುಲಸ್’ ಅಂದರೆ ಬಸ್‌ಸ್ಟ್ಯಾಂಡಿನ ಹೂವಿನವಳು, ಮೊಳ ಹಾಕುವಾಗ ಒಂದು ಮೊಗ್ಗು ಆಚೀಚೆ ಆದರೂ ಬಿಚ್ಚಿ ಮತ್ತೆ ಅಳೆಯುವವಳು. ‘ಆಸ್ಟೆಂಟೇಷಸ್’ ಎಂಬ ಹಲ್ಲು ಮುರಿಯುವ ಪದ ಅವಳ ಓರಗಿತ್ತಿಯದು. “ಹಿಟ್ಟಿನ ಗಿರಣಿಗೆ ಹೋಗಾಕೂ ಕಾಸಿನಸರ ಹಾಕ್ಕಂಡು ಹೋಗ್ತಾಳೆ ಕಣೆ. ಹಿಟ್ಟು ಸರದ ಮ್ಯಾಲೆ, ಸರ ಜನದ ಕಣ್ಣಾಗೆ!” ಅಂತ ಬಸ್ಸಿಗೆ ಕೇಳುವಂತೆ ನಗುತ್ತಿದ್ದಳು. ಹೊಸ ಪದ ಸಿಕ್ಕಿದಾಗ ಅವಳು ‘ಅದರ ಅರ್ಥವೇನು’ ಅಂತ ಕೇಳುತ್ತಲೇ ಇರಲಿಲ್ಲ. “ಅದು ಯಾರು, ತಂಗಿ?” ಅನ್ನುತ್ತಿದ್ದಳು.

ಈ ಪದ್ಧತಿಯಲ್ಲಿ ಅವಾಂತರಗಳೂ ಇದ್ದವು. ಆ ಓರಗಿತ್ತಿ ಅದ್ಯಾವುದೋ ಮಠದ ಪ್ರವಚನ ಕೇಳಿ ಒಡವೆ ಹಾಕುವುದನ್ನೇ ಬಿಟ್ಟುಬಿಟ್ಟಳು. ಅಕ್ಕ ಮುಖ ಸಣ್ಣ ಮಾಡಿಕೊಂಡು ಬಂದು, “ಪದ ಅನಾಥ ಆಗೋಯ್ತು ತಂಗಿ, ಬ್ಯಾರೆ ಯಾರನ್ನಾದ್ರೂ ಹುಡುಕ್ಬೇಕು” ಅಂದಳು. ಇನ್ನೊಮ್ಮೆ ಇಂಟರ್ನಲ್ ಟೆಸ್ಟಿನಲ್ಲಿ, ನಾಟಕದ ನಾಯಕ ಸೇಡು ತೀರಿಸಲು ಹಿಂದೆಮುಂದೆ ನೋಡುವುದನ್ನು ವಿವರಿಸಿ ಎಂಬ ಪ್ರಶ್ನೆಗೆ ತನ್ನ ಗಂಡನ ಅಂಗಿಗುಂಡಿಯ ಉದಾಹರಣೆ ಬರೆದಿಟ್ಟಳು. ಮೇಷ್ಟ್ರು ಅದನ್ನು ಕ್ಲಾಸಿನಲ್ಲಿ ಗಟ್ಟಿಯಾಗಿ ಓದಿದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಜೋರಾಗಿ ಅಕ್ಕನೇ ನಕ್ಕಳು. ನಾನು ಮಾತ್ರ, ಆ ಉತ್ತರ ನಾನೇ ಬರೆದೆನೇನೋ ಎಂಬಂತೆ, ಬೆಂಚಿನ ಕೆಳಗೆ ಚಪ್ಪಲಿ ಹುಡುಕುತ್ತಾ ಕೂತೆ. ಅವಳ ಪಕ್ಕ ಕೂರುವುದನ್ನು ಬಿಟ್ಟುಬಿಡೋಣ ಅಂತ ಎಷ್ಟೋ ಸಲ ಅನಿಸಿದ್ದುಂಟು. ಅವಳ ಡಬ್ಬಿಯ ಸಜ್ಜೆರೊಟ್ಟಿ, ಹುಚ್ಚೆಳ್ಳು ಚಟ್ನಿಯ ಆಸೆಗೆ ಬಿಡಲಿಲ್ಲ ಅಂದರೂ ಸುಳ್ಳಲ್ಲ.

ನಮ್ಮ ಕ್ಲಾಸಿನಲ್ಲಿ ಯಾರೂ ಬಾಯಿಬಿಟ್ಟು ಹೇಳದ ಒಂದು ಒಪ್ಪಂದವಿತ್ತು. ಒಬ್ಬರ ಸೆಮಿನಾರಿನಲ್ಲಿ ಇನ್ನೊಬ್ಬರು ಪ್ರಶ್ನೆ ಕೇಳಬಾರದು. ನೀನು ನನ್ನನ್ನು ಕೇಳಬೇಡ, ನಾನು ನಿನ್ನನ್ನು ಕೇಳುವುದಿಲ್ಲ. ಇಂಟರ್‌ನೆಟ್ಟಿನಿಂದ ಎತ್ತಿಕೊಂಡ ಪ್ಯಾರಾಗಳನ್ನು ಒಬ್ಬರಾದ ಮೇಲೊಬ್ಬರು ಓದುವುದು, ಮೇಷ್ಟ್ರು “ಎನಿ ಕ್ವೆಶ್ಚನ್ಸ್?” ಅನ್ನುವುದು, ಎಲ್ಲರೂ ಫ್ಯಾನು ನೋಡುವುದು, ಚಪ್ಪಾಳೆ. ಕನ್ನಡ ಮಾಧ್ಯಮದಲ್ಲಿ ಓದಿ ಇಂಗ್ಲಿಷ್ ಎಂಎಗೆ ಬಂದವರ ಮಾನವೆಲ್ಲ ಆ ಫ್ಯಾನಿನ ಕೈಯಲ್ಲಿತ್ತು.

ನನ್ನ ಸರದಿ ಬಂತು. ಒಂದು ಕಾದಂಬರಿಯಲ್ಲಿ ಮಗಳಿಗೂ ತಾಯಿಗೂ ಇರುವ ಸಂಬಂಧದ ಮೇಲೆ ಪ್ರಬಂಧ. ಅದರ ತುಂಬಾ ‘ಆಂಬಿವಲೆನ್ಸ್’ ಎಂಬ ಪದವಿತ್ತು. ಕನ್ನಡಿ ಮುಂದೆ ನಿಂತು ಅದರ ಉಚ್ಚಾರಣೆಯನ್ನು ತಿದ್ದಿ ತೀಡಿದ್ದೆ. ಸಂಪಾದಕೀಯದ ಪ್ರತಿ ಪದ ಹುಡುಕುತ್ತಿದ್ದ ನನಗೆ ಇದರ ಅರ್ಥ ನೋಡಬೇಕು ಅಂತ ಹೊಳೆದೇ ಇರಲಿಲ್ಲ. ಓದಿ ಮುಗಿಸಿದೆ. ಎಲ್ಲರೂ ಫ್ಯಾನು ನೋಡಿದರು. ಅಷ್ಟರಲ್ಲಿ ಮುಂದಿನ ಬೆಂಚಿನಿಂದ ಒಂದು ನೇರಳೆ ಬಣ್ಣದ ಬೆರಳು ಮೇಲೆದ್ದಿತು.

“ಅಲ್ಲ ತಂಗಿ, ಆ ಆಂಬಿವಲೆನ್ಸ್ ಅಂದ್ಯಲ್ಲ, ಅದು ಯಾರು?”

ಕ್ಲಾಸು ಗೊಳ್ಳೆಂದಿತು. ಲೇಖಕಿಯ ಹೆಸರು ಅಂದುಕೊಂಡಿದ್ದಾಳೆ ಎಂದು ಅವರು ನಕ್ಕಿದ್ದು. ಅಕ್ಕ ಕೇಳಿದ್ದೇನು ಅಂತ ಗೊತ್ತಿದ್ದವಳು ನಾನೊಬ್ಬಳೇ. ಮೇಷ್ಟ್ರು ನಗಲಿಲ್ಲ. “ಒಳ್ಳೆ ಪ್ರಶ್ನೆನೇ. ಆ ಪದನ ಸ್ವಲ್ಪ ಬಿಡಿಸಿ ಹೇಳಮ್ಮ” ಅಂದರು.

ನಾನು ಹಾಳೆಯನ್ನು ಹಿಂದೆ ಮುಂದೆ ತಿರುವಿದೆ, ಅಲ್ಲೇನೋ ಇದ್ದಂತೆ. ನಗುತ್ತಿದ್ದವರೂ ಸುಮ್ಮನಾದರು. ಅವರಿಗೂ ಅದರ ಅರ್ಥ ಗೊತ್ತಿರಲಿಲ್ಲ, ಆದರೆ ಸಿಕ್ಕಿಬಿದ್ದವಳು ನಾನು. ನೆಲ ಬಾಯಿಬಿಡಬಾರದೇ ಅನ್ನುತ್ತಾರಲ್ಲ, ಆ ಮಾತಿನ ನಿಜ ನನಗೆ ಅಂದು ತಿಳಿಯಿತು. ಅಕ್ಕ ನನ್ನ ಮುಖ ನೋಡಿದಳು. ತಕ್ಷಣ ಎದ್ದು ನಿಂತು, “ಬ್ಯಾಡ ಬಿಡ್ರಿ ಸಾರ್. ಅವ್ಳು ಆಗ್ಲೇ ಹೇಳಿದ್ಲು, ನಾನೇ ದಾರ ನೋಡ್ಕಂಡು ಕುಂತಿದ್ದೆ. ಬಸ್ಸಿನಾಗೆ ಕೇಳ್ಕಂತೀನಿ” ಅಂದಳು. ಮತ್ತೆ ಎಲ್ಲರೂ ಅವಳನ್ನು ನೋಡಿ ನಕ್ಕರು. ಚಪ್ಪಾಳೆಯೂ ಬಿತ್ತು. ನಾನು ಕೂತೆ.

ಸಂಜೆ ಬಸ್ಸು ದಾರಿ ಮಧ್ಯದ ಐಮಂಗಲದ ಹತ್ತಿರ ಬಂದಿತ್ತು. ನನಗೆ ತಡೆಯಲಾಗಲಿಲ್ಲ.

“ಎಲ್ರ ಮುಂದೆ ಯಾಕಕ್ಕ ಕೇಳ್ದೆ?”

“ಗೊತ್ತಿರ್ಲಿಲ್ಲ, ಕೇಳ್ದೆ. ನಿನಗೆ ಗೊತ್ತಿರ್ತೈತೆ ಅಂದ್ಕಂಡಿದ್ದೆ ಕಣೆ, ಅಷ್ಟು ಚೆನ್ನಾಗಿ ಅಂತಿದ್ಯಲ್ಲ.”

ಚುಚ್ಚಿ ಹೇಳಿದ್ದಾಗಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಮನಸ್ಸಿನಿಂದಲೇ ಹೇಳಿದ್ದಳು. ನನಗೆ ಅಳು ಬಂತು. “ನಿನಗೆ ನಾಚಿಕೆನೇ ಆಗಲ್ವಾ ಅಕ್ಕ? ದಿನಾ ನಗ್ತಾರೆ ನಿನ್ನ ನೋಡಿ” ಅಂದೆ.

ಅಕ್ಕ ದಾರ ಕಚ್ಚಿ ತುಂಡು ಮಾಡಿದಳು. “ಆಗ್ದೇನು? ಮನುಷ್ಯಳಲ್ವಾ ನಾನು? ನಾಚಿಕೆ ಆಗ್ತೈತೆ, ಒಂದೀಟೊತ್ತು ಇರ್ತೈತೆ. ಆಮ್ಯಾಕೆ ಹೋಗ್ತೈತೆ. ಕೇಳ್ದೆ ಇದ್ರೆ ಪದನೂ ಬರಲ್ಲ, ನಾಚಿಕೆನೂ ಹೋಗಲ್ಲ. ತಗಿ ಮೊಬೈಲು, ನೋಡಾಣ.”

ಇಬ್ಬರೂ ನೋಡಿದೆವು. ಒಂದೇ ವ್ಯಕ್ತಿಯ ಬಗ್ಗೆ ಒಂದೇ ಹೊತ್ತಿಗೆ ಒಂದಕ್ಕೊಂದು ವಿರುದ್ಧವಾದ ಭಾವನೆಗಳಿರುವುದು ಅಂತಿತ್ತು. ನಾನು ಓದಿ ಕನ್ನಡದಲ್ಲಿ ಹೇಳಿದೆ. ಅಕ್ಕನ ಕೈ ನಿಂತಿತು. ಹೊಸೆಯುತ್ತಿದ್ದ ದಾರವನ್ನು ಮಡಿಲಿಗಿಟ್ಟು, “ಓ, ಇದು ನಮ್ಮತ್ತೆ” ಅಂದಳು.

ಅತ್ತೆಯ ಬಗ್ಗೆ ಅವಳು ಅಲ್ಲಿಯವರೆಗೆ ಹೇಳಿಕೊಂಡಿದ್ದೇ ಇಲ್ಲ. ಅಂದು ಹೇಳಿದಳು. ಹತ್ತನೇ ಕ್ಲಾಸು ಮುಗಿಸಿ ಬಂದ ಸೊಸೆಯನ್ನು ಮುಂದೆ ಓದಲು ಬಿಡದೆ ಕೂರಿಸಿದವಳು ಆ ಅತ್ತೆ. ಈಗಲೂ “ಮಗ ಮದ್ವೆ ವಯಸ್ಸಿಗೆ ಬರ್ತಾವ್ನೆ, ಇವ್ಳು ಪುಸ್ತಕ ಹಿಡ್ಕಂಡು ಬಸ್ ಹತ್ತಾಳೆ” ಅಂತ ಬೀದಿಗೆಲ್ಲ ಕೇಳುವಂತೆ ಬೈಯುತ್ತಾಳಂತೆ. ಆದರೆ ಬೆಳಗ್ಗೆ ಸೊಸೆಗಿಂತ ಮೊದಲೇ ಎದ್ದು ಆ ರೊಟ್ಟಿ ಬಡಿಯುವವಳೂ ಅವಳೇ. ನಾನು ಆಸೆಪಟ್ಟು ತಿನ್ನುತ್ತಿದ್ದ ರೊಟ್ಟಿ! “ಬೈಕಂತನೇ ಬಡೀತಾಳೆ, ಬೈಕಂತನೇ ಡಬ್ಬಿ ಕಟ್ತಾಳೆ. ಆಯಮ್ಮನ್ನ ಕಂಡ್ರೆ ಕಾಲಿಗೆ ಬೀಳ್ಬೇಕು ಅನಸ್ತೈತೆ. ಅದೇ ಹೊತ್ನಾಗೆ ಬಾಗ್ಲು ಹಾಕ್ಕಂಡು ಅಳ್ಬೇಕೂ ಅನಸ್ತೈತೆ. ಇದಕ್ಕೊಂದು ಪದ ಐತೆ ಅಂತ ಇವತ್ತು ಗೊತ್ತಾತು ನೋಡು” ಅಂದಳು. ಕಣ್ಣು ಒರೆಸಿಕೊಂಡಳು. ಕೆನ್ನೆಗೆ ನೇರಳೆ ಬಣ್ಣ ಹತ್ತಿತು.

ನಾನು ಓದಿದ ಪ್ರಬಂಧವೂ ಇದನ್ನೇ ಹೇಳುತ್ತಿತ್ತು. ಅಷ್ಟು ಹಾಳೆ ಓದಿದ ನನಗೆ ನಾನೇನು ಹೇಳಿದೆ ಅನ್ನುವುದು ಐಮಂಗಲದ ಹತ್ತಿರ ಬಸ್ಸಿನಲ್ಲಿ ತಿಳಿಯಿತು. ಥೂ ನನ್ನ ಎಂಎಗಿಷ್ಟು ಅನಿಸಿತು. ಮಾತು ಬದಲಿಸಲು, “ನಾನು ಯಾವ ಪದ ಅಕ್ಕ?” ಅಂತ ಕೇಳಿದೆ. “ನೀನಿನ್ನೂ ಬೆಳೆಯೋ ಹುಡುಗಿ. ಈಗ್ಲೇ ಒಂದು ಪದ ಮೆತ್ತಿದ್ರೆ ಆಮ್ಯಾಕೆ ಕೆರೆದು ತೆಗ್ಯಾಕೆ ಕಷ್ಟ” ಅಂದಳು.

ಅಕ್ಕ ಎರಡನೇ ಸಲಕ್ಕೆ ಪಾಸಾದಳು. ಕೆಲಸಕ್ಕೆಂದು ಎಲ್ಲೂ ಹೋಗಲಿಲ್ಲ, ಓದುವುದನ್ನೂ ನಿಲ್ಲಿಸಲಿಲ್ಲ. ನಾನು ಹೊಸದುರ್ಗದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾದೆ. ಅವಳು ಹಾಳುಹೊತ್ತಿನಲ್ಲೆಲ್ಲ ಫೋನು ಮಾಡಿ ಪದ ಹೇಳುತ್ತಿದ್ದಳು. ಸ್ಟಾಫ್‌ರೂಮಿನ ಮೂಲೆಗೂ ಕೇಳುವ ದನಿ ಅವಳದು. ನಾನು ಫೋನು ಹಿಡಿದು ವರಾಂಡಕ್ಕೆ ಓಡುತ್ತಿದ್ದೆ. ಹಿತ್ತಲಿಗೆ ಓಡುತ್ತಿದ್ದ ಕಾಲುಗಳಿಗೆ ಅದು ಅಭ್ಯಾಸವೇ ಆಗಿತ್ತು. ಆದರೆ ಒಂದು ಕಲಿತಿದ್ದೆ. ಮಕ್ಕಳು ಕೇಳಿದ ಪದ ಗೊತ್ತಿಲ್ಲದಿದ್ದರೆ “ಗೊತ್ತಿಲ್ಲ, ನೋಡೋಣ” ಅನ್ನುತ್ತಿದ್ದೆ. ಪ್ರತಿ ಸಲವೂ ನಾಚಿಕೆಯಾಗುತ್ತಿತ್ತು, ಅಕ್ಕ ಹೇಳಿದಷ್ಟು ಬೇಗ ಹೋಗುತ್ತಿರಲಿಲ್ಲ.

ಕಳೆದ ಮಳೆಗಾಲದಲ್ಲಿ ಡೆಂಗಿ ಜ್ವರ ಬಂದು ಅಕ್ಕ ತೀರಿಕೊಂಡಳು. ನಾನು ಹೋಗುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು. ನಡುಮನೆಯಲ್ಲಿ ಗೋಡೆಗೊರಗಿ ಮುದುಕಿಯೊಬ್ಬಳು ಕೂತಿದ್ದಳು. ಸುತ್ತ ನೆಂಟರ ಹೆಂಗಸರು. ಹೆಸರು ಹೇಳುವ ಮೊದಲೇ ಆಕೆ ನನ್ನನ್ನು ಹತ್ತಿರ ಕರೆದಳು.

“ನೀನೇನವ್ವ ಬಬ್ಬೂರಿನ ಹುಡುಗಿ? ಬಾ, ಕುಂತ್ಕ. ನಿನ್ನೇ ಕೇಳ್ಬೇಕಾಗಿತ್ತು. ನನ್ ಸೊಸೆ ನನಗೊಂದು ಇಂಗ್ಲಿಷ್ ಹೆಸ್ರು ಇಟ್ಟಿದ್ಲು. ರೊಟ್ಟಿ ಬಡಿಯೋವಾಗ ಅದನ್ನ ಅಂದು ನಗಾಡೋಳು. ಏನೇ ಅದು ಅಂದ್ರೆ, ಬಬ್ಬೂರಿನ ಹುಡುಗಿ ಬಂದ್ರೆ ಕೇಳು ಅನ್ನೋಳು.” ಆಕೆಯ ದನಿ ಇಳಿಯಿತು. “ಏನವ್ವ ಅದು? ಬೈಗಳಾ?”

ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. ಆ ಮುದುಕಿಯ ಕಣ್ಣು ನನ್ನ ಬಾಯಿಯ ಮೇಲೆಯೇ ಇತ್ತು. ಮತ್ತೆ ಅದೇ ಆಂಬಿವಲೆನ್ಸ್, ಈ ಸಲ ಅರ್ಥ ಗೊತ್ತಿತ್ತು. ಆದರೂ ‘ತಾಯಿ ಥರ ಅಂತ ಅಜ್ಜಿ, ತುಂಬಾ ಪ್ರೀತಿ ಅಂತ’ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಸಾವಿನ ಮನೆ, ಯಾರು ಪರೀಕ್ಷೆ ಮಾಡುತ್ತಾರೆ? ಆದರೆ ಆ ಪದ ಅಕ್ಕನದು. ಅದನ್ನು ತಿದ್ದುವ ಹಕ್ಕು ನನಗೆಲ್ಲಿಂದ ಬಂತು?

“ಬೈಗಳಲ್ಲ ಅಜ್ಜಿ” ಅಂದೆ. “ನಿಮ್ಮನ್ನ ಕಂಡ್ರೆ ಅಕ್ಕನಿಗೆ ಸಿಟ್ಟಿತ್ತು. ಓದಾಕೆ ಬಿಡ್ಲಿಲ್ಲ ಅಂತ ಬಾಳ ಸಿಟ್ಟಿತ್ತು. ಪ್ರೀತಿನೂ ಅಷ್ಟೇ ಇತ್ತು. ಎಲ್ಡೂ ಒಂದೇ ಹೊತ್ನಾಗೆ ಇರ್ತಾವಲ್ಲ, ಅದಕ್ಕೆ ಆ ಪದ.”

ಹೆಂಗಸರಲ್ಲಿ ಯಾರೋ “ಇಂಥ ಹೊತ್ನಾಗೆ ಇದೇನು ಮಾತು” ಅಂತ ಗೊಣಗಿದರು. ಮುದುಕಿ ನನ್ನ ಕೈ ಹಿಡಿದುಕೊಂಡಳು.

“ಸಿಟ್ಟಿತ್ತು ಅಂತ ಹೇಳ್ದಲ್ಲ, ಅದಕ್ಕೆ ಪ್ರೀತಿನೂ ಇತ್ತು ಅನ್ನದು ನಂಬ್ತೀನಿ. ಬರೀ ಪ್ರೀತಿ ಅಂದಿದ್ರೆ ನಿನ್ನೂ ನಂಬ್ತಿರ್ಲಿಲ್ಲ, ಅವಳ್ನೂ ನಂಬ್ತಿರ್ಲಿಲ್ಲ” ಅಂದಳು.

ಕೈ ಬಿಡಲೇ ಇಲ್ಲ. ಒಂದೇ ಒಂದು ಗಳಿಗೆಯ ಹಿಂದೆ ನಾನು ಆಕೆಗೆ ಏನು ಹೇಳಲು ಹೊರಟಿದ್ದೆ ಅನ್ನುವುದನ್ನು ನೆನೆದು ಮುಖ ಎತ್ತಲಾಗಲಿಲ್ಲ.