ಮೇಷ್ಟ್ರಿಗೆ ಬೇಡಲು ಬರುತ್ತಿರಲಿಲ್ಲ

ಹುಣಸೆಹಣ್ಣು ಹಚ್ಚಿ ಹಿತ್ತಾಳೆ ಚೊಂಬು ಉಜ್ಜುವಾಗ ಒಂದು ವಾಸನೆ ಏಳುತ್ತದೆ ನೋಡಿ, ಪೂರ್ತಿ ಹುಳಿಯೂ ಅಲ್ಲ, ಪೂರ್ತಿ ಲೋಹವೂ ಅಲ್ಲ, ಹಳೇ ನಾಣ್ಯವನ್ನು ನಾಲಿಗೆ ಮೇಲೆ ಇಟ್ಟುಕೊಂಡ ಹಾಗೆ. ನಮ್ಮ ಮನೆಯಲ್ಲಿ ಆ ವಾಸನೆ ಬಂತೆಂದರೆ ಶ್ರಾವಣ ಬಂತು. ಈ ಬೆಳಗ್ಗೆ ಚೊಂಬಿನ ಕತ್ತಿನ ಸಂದಿಗೆ ಬೆರಳು ತೂರಿಸಿ ತಿಕ್ಕುತ್ತಿದ್ದೆ, ಕಿಟಕಿಯ ಮೇಲಿಟ್ಟಿದ್ದ ಫೋನು ಟಿಣ್ ಎಂದಿತು. ಎರಡೂ ಕೈಗೆ ಹುಣಸೆ ಮೆತ್ತಿಕೊಂಡಿದ್ದರಿಂದ ಮೂಗಿನ ತುದಿಯಿಂದ ಒತ್ತಿ ನೋಡಿದೆ. ಮೂಗಿನಿಂದ ಒತ್ತಿದರೂ ತೆರೆಯುವ ಫೋನು ಕೊಟ್ಟಿದ್ದಾನಲ್ಲ, ಅದೂ ಗೋವಿಂದನ ದಯೆಯೇ.

ಮೇಷ್ಟ್ರ ಮೆಸೇಜು. ಈ ವರ್ಷ ಚಾವಡಿಗೆ ಹಣ ಕೇಳುವ ಬರಹ ನೀವೇ ಬರೆಯಿರಿ, ನಿಮಗೆ ಬೇಡಲು ಬರುತ್ತದೆ ಎಂದಿದ್ದರು. ನನ್ನ ಮೂಗು ಇಷ್ಟು ಹಿಗ್ಗಿದ್ದು ಮದುವೆ ದಿನ ಮೂಗುಬಟ್ಟು ಹಾಕಿದಾಗಲೂ ಇಲ್ಲ.

ಚಾವಡಿ ಎಂದರೆ ಅರಳಿಮರದ ಕೆಳಗಿನ ಕಟ್ಟೆ ಎಂದುಕೊಳ್ಳಬೇಡಿ. ಇದು ಇಂಟರ್‌ನೆಟ್ಟಿನಲ್ಲಿರುವ ಚಾವಡಿ, ಹೆಸರು ನಕ್ಷತ್ರ ಚಾವಡಿ. ಆಕಾಶದ ವಿಷಯ ಕನ್ನಡದಲ್ಲಿ ಓದುವವರು, ಓದಿಸುವವರು, ಸುಮ್ಮನೆ ಜಗಳ ಆಡುವವರು ಎಲ್ಲ ಅಲ್ಲಿ ಸೇರುತ್ತಾರೆ. ಪಾಠ, ಪುಸ್ತಕ, ಪ್ರಶ್ನೆ, ಉತ್ತರ, ಯಾವುದಕ್ಕೂ ಕಾಸು ಕೊಡಬೇಕಿಲ್ಲ. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿ ನಿವೃತ್ತರಾಗಿ, ಈಗ ತಳಿ ಊರಿನ ಹತ್ತಿರ ಹೂಕೋಸು ಬೆಳೆಯುವ ಒಬ್ಬ ಮೇಷ್ಟ್ರು ಅದನ್ನು ಕಟ್ಟಿ ನಡೆಸುತ್ತಾರೆ. ಕಾಸಿಲ್ಲದ್ದು ನಮಗೆ. ಆ ಜಾಗಕ್ಕೆ ಮಾತ್ರ ವರ್ಷಕ್ಕೊಮ್ಮೆ ಬಾಡಿಗೆ ಕಟ್ಟಬೇಕು. ಇಂಟರ್‌ನೆಟ್ಟಿನಲ್ಲೂ ಬಾಡಿಗೆ ಮನೆ ಇರುತ್ತದೆ, ಕಟ್ಟದಿದ್ದರೆ ಅಲ್ಲೂ ಸಾಮಾನು ಹೊರಗೆ ಹಾಕುತ್ತಾರೆ ಎಂಬುದು ನನಗೆ ತಿಳಿದದ್ದು ತಡವಾಗಿ.

ನನ್ನಂಥವಳು ಅಲ್ಲಿಗೆ ಹೋದದ್ದು ಹೊಟ್ಟೆಯ ದೆಸೆಯಿಂದ. ನಾವು ತಿರುಪತಿ ತಿಮ್ಮಪ್ಪನ ಒಕ್ಕಲು. ಶ್ರಾವಣದ ಶನಿವಾರಗಳಲ್ಲಿ ಉಪವಾಸ. ಪಕ್ಕದ ಮನೆಯ ಶಾಂತಿ ತಮಿಳಿನವಳು, ಅವಳೂ ಅದೇ ತಿಮ್ಮಪ್ಪನ ಒಕ್ಕಲು, ಆದರೆ ಅವಳ ಉಪವಾಸ ಪುರಟ್ಟಾಸಿ ತಿಂಗಳ ಶನಿವಾರಗಳಲ್ಲಿ. ಗೋಡೆ ಒಂದೇ, ದೇವರು ಒಬ್ಬನೇ. ಅವಳ ಮನೆಯ ಪುಳಿಯೋಗರೆ ಪ್ರಸಾದಕ್ಕೆ ಆಸೆಪಟ್ಟು ನಾನು ಎರಡು ತಿಂಗಳೂ ಉಪವಾಸ ಹಿಡಿದಿದ್ದೆ. ಒಂದು ಶನಿವಾರ ತಲೆ ಸುತ್ತಿದಾಗ ಸಿಟ್ಟಿನಲ್ಲಿ ಫೋನಿನಲ್ಲಿ ಕೇಳಿಯೇಬಿಟ್ಟೆ: ಒಬ್ಬ ದೇವರಿಗೆ ಎರಡು ತಿಂಗಳು ಯಾಕೆ? ಹುಡುಕುತ್ತ ಹುಡುಕುತ್ತ ಚಾವಡಿಗೆ ಬಂದು ಬಿದ್ದೆ.

ಮೇಷ್ಟ್ರು ಅವತ್ತೇ ಉತ್ತರ ಬರೆದರು. ನಿಮ್ಮ ತಿಂಗಳು ಚಂದ್ರನ ಹಿಂದೆ ಹೋಗುತ್ತದೆ, ಅವರ ತಿಂಗಳು ಸೂರ್ಯನ ಹಿಂದೆ ಹೋಗುತ್ತದೆ, ಇಬ್ಬರ ನಡಿಗೆ ಬೇರೆ ಎಂದು ಚಿತ್ರ ಬರೆದು ತೋರಿಸಿದರು. ನನಗೆ ಏನೋ ಕಿಟಕಿ ತೆರೆದ ಹಾಗಾಯಿತು. ಅತ್ತೆಗೆ ಓದಿ ಹೇಳಿದೆ. ಅವರು ಎಲೆಅಡಿಕೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಳ್ಳಿಕೊಂಡು, "ಅಂಗಾದ್ರೆ ತಿಮ್ಮಪ್ಪ ಯಾರ ಹಿಂದೆ ಹೋಯ್ತಾನೆ, ಕೇಳಮ್ಮಿ," ಎಂದರು. ಕೇಳಿದೆ. ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ ಎಂದು ಮೇಷ್ಟ್ರು ಬರೆದರು. ಗೊತ್ತಿಲ್ಲ ಎಂದ ಮೇಷ್ಟ್ರನ್ನು ಅತ್ತೆ ಅದೇ ಮೊದಲು ಕಂಡದ್ದು. ಅವತ್ತಿನಿಂದ ಅವರ ಮೇಲೆ ಇವರಿಗೆ ಗೌರವ.

ಹತ್ತನೇ ತರಗತಿಗೆ ಓದು ನಿಲ್ಲಿಸಿದವಳು ನಾನು. ಮನೆಯವರು ಸೂಳಗಿರಿ ಕಡೆಯ ಫ್ಯಾಕ್ಟರಿಗೆ ಹೋದ ಮೇಲೆ, ಹಸುವಿಗೆ ನೀರು ತೋರಿಸಿ, ಪಾತ್ರೆ ಬೋರಲು ಹಾಕಿ, ಮಧ್ಯಾಹ್ನ ಚಾವಡಿಯಲ್ಲಿ ಕೂತರೆ ಎದ್ದೇಳಲು ಮನಸ್ಸಾಗುತ್ತಿರಲಿಲ್ಲ. ಊರಿನಲ್ಲಿ ನಾನು ಅತ್ತಿಗೆ, ಚಿಕ್ಕಮ್ಮ, ಇಂಥವರ ಸೊಸೆ. ಅಲ್ಲಿ ಮಾತ್ರ ನನ್ನನ್ನು ಹೆಸರು ಹಿಡಿದು ಕರೆದು ಪ್ರಶ್ನೆ ಕೇಳುತ್ತಿದ್ದರು. ಉತ್ತರ ತಪ್ಪಾದರೂ ಹೆಸರು ನನ್ನದೇ ಅಲ್ಲವೇ? ಅದನ್ನು ದೊಡ್ಡದು ಮಾಡಿ ಹೇಳುವುದಿಲ್ಲ, ಆದರೆ ಅದಿಲ್ಲದ ಮಧ್ಯಾಹ್ನ ಹೇಗಿರುತ್ತದೆಂದು ನನಗೆ ಗೊತ್ತಿದೆ. ಅದಕ್ಕೆ ಮುಂಚೆ ಮಧ್ಯಾಹ್ನವೆಲ್ಲ ಬರೀ ನಿದ್ದೆ, ತಲೆನೋವು.

ಇಷ್ಟೆಲ್ಲ ತಿಳಿದ ಮೇಷ್ಟ್ರಿಗೆ ಬೇಡಲು ಮಾತ್ರ ಬರುತ್ತಿರಲಿಲ್ಲ. ಪ್ರತಿ ವರ್ಷ ಹಣ ಕೇಳಿ ಒಂದು ಬರಹ ಹಾಕುತ್ತಿದ್ದರು. ಮೊದಲು ಬ್ರಹ್ಮಾಂಡ ಹುಟ್ಟಿದ ಬಗೆ, ಆಮೇಲೆ ಗುರುತ್ವಾಕರ್ಷಣೆ, ಆಮೇಲೆ ಮನುಷ್ಯ ಎಷ್ಟು ಚಿಕ್ಕವನು ಎಂಬ ಮಾತು. ಎಲ್ಲಕ್ಕೂ ಕೆಳಗೆ, ಚಾಪೆ ಅಡಿ ಕಸ ತಳ್ಳಿದ ಹಾಗೆ, ಅನುಕೂಲವಿದ್ದವರು, ಬಲವಂತವಿಲ್ಲ, ತಪ್ಪು ತಿಳಿಯಬಾರದು ಎಂದು ಒಂದು ಸಾಲು. ನಾನು ಅದನ್ನು ಎಷ್ಟೋ ವರ್ಷ ಪಾಠವೆಂದೇ ಓದಿ, ಅರ್ಥವಾಯಿತು ಸಾರ್ ಎಂದು ಕೆಳಗೆ ಬರೆಯುತ್ತಿದ್ದೆ. ನನ್ನ ಹಾಗೇ ಬೇರೆಯವರೂ. ಹಣ ಬಾರದೆ ಅವರು ತಮ್ಮ ಹೂಕೋಸಿನ ದುಡ್ಡಿನಿಂದ ಬಾಡಿಗೆ ಕಟ್ಟುತ್ತಿದ್ದರಂತೆ.

ಒಂದು ವರ್ಷ ಹೂಕೋಸಿನ ರೇಟು ಕೈ ಕೊಟ್ಟಿತು. ಬರಹದ ತಳದ ಸಾಲಿನಲ್ಲಿ ಈ ತಿಂಗಳು ಕಟ್ಟಲಾಗದಿದ್ದರೆ ಚಾವಡಿ ಮುಚ್ಚುತ್ತದೆ, ಇದುವರೆಗೆ ಬರೆದದ್ದೆಲ್ಲ ಅಳಿಸಿಹೋಗುತ್ತದೆ ಎಂದಿತ್ತು. ಅವತ್ತು ಹಾಲು ಕಾಯಲು ಇಟ್ಟು ಕಾಯುತ್ತ ನಿಂತಿದ್ದರಿಂದ ಕೊನೆಯ ಸಾಲಿನವರೆಗೂ ಓದಿದೆ. ಹಾಲು ಬೇಗ ಉಕ್ಕಲಿಲ್ಲ, ಅದೂ ಅವನ ದಯೆ.

ಸಾಸಿವೆ ಡಬ್ಬಿಯಲ್ಲಿ ಕೂಡಿಟ್ಟಿದ್ದ ದುಡ್ಡು ಕಳಿಸಿದೆ. ಅದರಿಂದ ಬಾಡಿಗೆ ಮನೆಯ ಬಾಗಿಲ ಚಿಲಕವೂ ಬರುತ್ತಿರಲಿಲ್ಲ. ಆಗ ಕಣ್ಣಿಗೆ ಬಿದ್ದದ್ದು ಈ ಚೊಂಬು.

ಇದು ನಾಮದ ಚೊಂಬು. ಶ್ರಾವಣ ಶನಿವಾರ ಇದಕ್ಕೆ ನಾಮ ಬರೆದು, ತುಳಸಿ ಸುತ್ತಿ, ಗೋವಿಂದಾ ಎಂದು ಕೂಗುತ್ತ ಮನೆ ಮನೆ ಬೇಡಬೇಕು. ಎಷ್ಟೇ ಗದ್ದೆ ತೋಟ ಇರಲಿ, ಬೇಡಲೇಬೇಕು. ಹೀಗೆ ಬೇಡಿ ತಂದ ಅಕ್ಕಿಗೆ ಪಡಿ ಎನ್ನುತ್ತೇವೆ. ಹೊಸ ಮದುವಣಗಿತ್ತಿಯಾಗಿ ಮೊದಲ ಸಲ ಈ ಚೊಂಬು ಹಿಡಿದು ಶಾಂತಿಯ ಬಾಗಿಲಲ್ಲಿ ನಿಂತಾಗ ನನ್ನ ಬಾಯಿಂದ ಗೋವಿಂದ ಹೊರಟದ್ದು ಕೆಮ್ಮಿನ ಹಾಗೆ. ನೀರು ಬೇಕಾ ಎಂದು ಕೇಳಿದ್ದಳು. ಮದುವೆಗೆ ಮಾಡಿದ ಸಾಲಕ್ಕೆ ಇವತ್ತಿಗೂ ಬಡ್ಡಿ ಕಟ್ಟುತ್ತಿರುವ ದೇವರ ಒಕ್ಕಲಾಗಿ ನಿನಗೇನೇ ನಾಚಿಕೆ ಎಂದು ಅತ್ತೆ ಅವತ್ತು ಬೈದದ್ದು ನೆನಪಿದೆ. ನಿಜವೇ. ಅಷ್ಟು ದೊಡ್ಡ ಬೆಟ್ಟದ ಮೇಲೆ ನಿಂತು ಪ್ರತಿದಿನ ಹುಂಡಿ ಮುಂದಿಟ್ಟುಕೊಂಡವನಿಗೇ ನಾಚಿಕೆಯಿಲ್ಲ.

ಸರಿ, ಆ ಶನಿವಾರ ಹೊರಟೆ. ಎಂದಿನ ಹಾಗೆ ಹತ್ತಿರದ ಕೆಲವು ಮನೆಗಳಿಗೆ ನಿಲ್ಲಿಸದೆ ಊರೆಲ್ಲ ಸುತ್ತಿದೆ. ಪ್ರತಿ ಬಾಗಿಲಲ್ಲೂ ಗೋವಿಂದ ಎಂದು ಕೂಗಿ, ಇದು ನಕ್ಷತ್ರ ಓದುವವರಿಗೆ ಎಂದು ವಿವರಿಸಲು ಹೊರಟರೆ ಯಾರಿಗೆ ಪುರುಸೊತ್ತು? ಗೋವಿಂದ ಎನ್ನುವಷ್ಟರಲ್ಲಿ ಅಕ್ಕಿ ಬಿದ್ದಿರುತ್ತಿತ್ತು. ಚೊಂಬು ತುಂಬಿದಾಗಲೆಲ್ಲ ಹೆಗಲ ಚೀಲಕ್ಕೆ ಸುರಿದುಕೊಂಡೆ. ಒಬ್ಬರು ರಾಗಿ ಹಾಕಿದರು, ಒಬ್ಬರು ಹುರುಳಿ, ಇನ್ನೊಬ್ಬರು ಕುಂಬಳಕಾಯಿಯನ್ನೇ ಕಂಕುಳಿಗೆ ಕೊಟ್ಟರು. ಮನೆಗೆ ಬಂದು ಚೀಲ ಇಳಿಸಿ, ಇದನ್ನು ಬಾಗಲೂರಿನ ಅಂಗಡಿಗೆ ಹಾಕಿ ಬಂದ ಹಣ ಕಳಿಸುತ್ತೇನೆ ಎಂದೆ.

ಅತ್ತೆ ಎಲೆಅಡಿಕೆ ಉಗಿದೇ ಮಾತಾಡಿದರು. "ಗೋವಿಂದನ ಹೆಸರೇಳಿ ಎತ್ತಿದ ಅಕ್ಕೀನ ಮಾರ್ತೀಯೇನಮ್ಮಿ? ಪಡಿ ಬೇಯಬೇಕು, ನಾಕು ಜನ ಉಣ್ಬೇಕು. ನಿನ್ನ ನಕ್ಷತ್ರದೋರ್ಗೂ ಹೊಟ್ಟೆ ಐತಲ್ಲ, ಕರಿ."

ಹಣ ಬೇಕಿದ್ದ ಜಾಗಕ್ಕೆ ನಾನು ಊಟ ಸಂಪಾದಿಸಿದ್ದೆ. ಚಾವಡಿಯಲ್ಲಿ ಇದ್ದದ್ದು ಇದ್ದ ಹಾಗೆ ಬರೆದೆ: ನಿಮಗಾಗಿ ಬೇಡಿದೆ, ಅಕ್ಕಿಯಾಗಿ ಬಂತು, ಮಾರುವ ಹಾಗಿಲ್ಲ, ಮುಂದಿನ ಶನಿವಾರ ಬಂದು ತಿಂದು ಹೋಗಿ. ಯಾರು ಬರುತ್ತಾರೆ ಎಂದುಕೊಂಡಿದ್ದೆ. ಬಂದರು. ಕೃಷ್ಣಗಿರಿಯಿಂದ, ಸೂಳಗಿರಿಯಿಂದ, ಗಡಿಯಾಚೆಯ ಕನ್ನಡ ನಾಡಿನಿಂದಲೂ ಬಂದರು. ಮೇಷ್ಟ್ರು ಒಂದು ಹೂಕೋಸಿನ ಮೂಟೆ ಮತ್ತು ದೂರದರ್ಶಕದ ಜೊತೆ ತಳಿ ಬಸ್ಸು ಇಳಿದು, ಇನ್ನೊಂದು ಬಸ್ಸು ಹತ್ತಿ, ಸಂಜೆ ಹೊತ್ತಿಗೆ ಬಂದರು. ಆಕಾಶದಲ್ಲಿ ಶ್ರಾವಣದ ಮೋಡ ಕಂಬಳಿ ಹೊದ್ದ ಹಾಗೆ ಕೂತಿತ್ತು. ನಕ್ಷತ್ರ ತೋರಿಸುತ್ತಾರಂತೆ ಎಂದು ಬಂದಿದ್ದ ಊರಿನವರು ದೂರದರ್ಶಕದಲ್ಲಿ ಶಾಂತಿಯ ಮನೆಯ ತೆಂಗಿನಮರ ನೋಡಿ ಸಮಾಧಾನಪಟ್ಟರು.

ಚಾವಡಿಯವರು ಯಾರೂ ಒಬ್ಬರ ಮುಖ ಒಬ್ಬರು ಕಂಡವರಲ್ಲ. ಪ್ಲೂಟೊ ಗ್ರಹವೋ ಅಲ್ಲವೋ ಎಂದು ವರ್ಷಗಟ್ಟಲೆ ಕಚ್ಚಾಡಿದ ಇಬ್ಬರು ನಮ್ಮ ಜಗಲಿಯ ಮೇಲೆ ಅಕ್ಕಪಕ್ಕ ಕೂತು, ಸೊಸೈಟಿ ಹಾಲಿನ ರೇಟಿನ ಬಗ್ಗೆ ಬಲು ಪ್ರೀತಿಯಿಂದ ಮಾತಾಡುತ್ತಿದ್ದರು. ಯಾರು ಯಾರೆಂದು ನಾನು ಹೇಳಿದ ಕೂಡಲೇ ಒಬ್ಬರು ಚಾಪೆ ಎಳೆದುಕೊಂಡು ಆಚೆಗೆ ಹೋದರು.

ಎಲೆ ಹಾಕಿದ್ದಾಯಿತು. ಅತ್ತೆ ನಾಮದ ಚೊಂಬು ತಂದು ಮೇಷ್ಟ್ರ ಮುಂದೆ ನಿಂತರು. ಯಾರ ಸಲುವಾಗಿ ಪಡಿ ಎತ್ತಿದ್ದೋ ಅವರು ಒಂದು ಬಾಗಿಲಾದರೂ ಬೇಡಿ ಬರಬೇಕು, ಆಮೇಲೇ ಊಟ. ಅದು ನಮ್ಮ ಮನೆಯ ರೂಢಿ. ಮೇಷ್ಟ್ರು ದೇವರಿದ್ದಾನೆಂದು ಒಪ್ಪಿದವರಲ್ಲ, ಇಲ್ಲವೆಂದು ಎದುರಿಗೆ ಹೇಳುವಷ್ಟು ಒರಟರೂ ಅಲ್ಲ. ಅವರು ಯೋಚಿಸಿ ಮುಗಿಸುವಷ್ಟರಲ್ಲಿ ಅತ್ತೆ ಹೆಬ್ಬೆರಳಿನಿಂದ ಹಣೆಗೆ ನಾಮ ಎಳೆದಿದ್ದರು. ದಯವಿಟ್ಟು ಯಾರೂ ಫೋಟೋ ತೆಗೆಯಬೇಡಿ ಎಂದಷ್ಟೇ ಮೇಷ್ಟ್ರು ಹೇಳಿದರು.

ಶಾಂತಿಯ ಬಾಗಿಲು. ಹಿಂದೆ ನಾವೆಲ್ಲ. ಶಾಂತಿ ಸೇರಿನ ತುಂಬ ಅಕ್ಕಿ ಹಿಡಿದು ಹೊಸ್ತಿಲಲ್ಲಿ ನಿಂತಳು. ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ಇವತ್ತು ಶನಿವಾರ, ಶನಿ ಎಂದರೆ ಸೂರ್ಯನಿಂದ ಆರನೆಯ ಗ್ರಹ, ಅದರ ಸುತ್ತ ಬಳೆಗಳಿವೆ, ಆ ಬಳೆಗಳು ಮಂಜಿನ ಚೂರುಗಳು ಎಂದು ಶುರುಮಾಡಿದರು. ಶಾಂತಿ ಎಷ್ಟೋ ಹೊತ್ತು ಕೇಳಿದಳು. ಆಮೇಲೆ, "ಸಾರ್, ಕೈ ನೋಯ್ತದೆ. ಏನು ವೇಣುಂ, ಅದ ಹೇಳಿ," ಎಂದಳು.

ಮೇಷ್ಟ್ರು ಶನಿಯ ಬಳೆಗಳನ್ನು ಅಲ್ಲಿಗೇ ಬಿಟ್ಟು, ಚೊಂಬನ್ನು ಎರಡೂ ಕೈಯಲ್ಲಿ ಮುಂದೆ ಚಾಚಿದರು.

"ಕೊಡಿ ತಾಯಿ," ಎಂದರು. "ಈ ತಿಂಗಳು ಕಟ್ಟದಿದ್ದರೆ ಚಾವಡಿ ಹೋಗುತ್ತೆ. ನನ್ನ ಕೈಲಿ ಆಗಲಿಲ್ಲ. ಕೊಡಿ." ಆಮೇಲೆ ಏನೋ ಬಿಟ್ಟುಹೋಯಿತೆಂದು ನೆನಪಾಗಿ, ಸಣ್ಣದಾಗಿ, "ಗೋವಿಂದ," ಎಂದು ಸೇರಿಸಿದರು.

ಅಕ್ಕಿ ಚೊಂಬಿಗೆ ಬಿತ್ತು. ಪ್ಲೂಟೊದ ಕಡೆಯವರು ಹಿಂದಿನಿಂದ, ಮುಚ್ಚುವ ಹಾಗಿತ್ತೇ ಸಾರ್, ಮೊದಲೇ ಹೇಳಬಾರದಿತ್ತೇ ಎಂದು ದಂಗಾಗಿ ಕೇಳಿದರು.

"ಬರೆದಿದ್ದೆನಲ್ಲಪ್ಪ," ಎಂದರು ಮೇಷ್ಟ್ರು, "ಗುರುತ್ವಾಕರ್ಷಣೆಯ ಕೆಳಗೆ."

ಊಟವಾದ ಮೇಲೆ ಎಲ್ಲರೂ ಫೋನು ತೆಗೆದರು. ಅಡುಗೆಮನೆಯ ಕಿಟಕಿ ಬಿಟ್ಟರೆ ನಮ್ಮ ಮನೆಯೊಳಗೆ ಸಿಗ್ನಲ್ ಸಿಗುವುದಿಲ್ಲ, ಅಷ್ಟು ಜನ ಮಾಳಿಗೆಗೇ ಹೋಗಬೇಕು. ಹಾಗಾಗಿ ನಕ್ಷತ್ರ ನೋಡಲು ಬಂದವರೆಲ್ಲ ಮಾಳಿಗೆ ಹತ್ತಿ, ಒಂದೂ ನಕ್ಷತ್ರವಿಲ್ಲದ ಆಕಾಶಕ್ಕೆ ಕೈ ಎತ್ತಿ ನಿಂತು ಚಾವಡಿಗೆ ಹಣ ಕಳಿಸಿದರು. ಬೀದಿಯಲ್ಲಿದ್ದವರು ಇದು ಯಾವ ಪೂಜೆಯೋ ಎಂದು ಕೈ ಮುಗಿದರಂತೆ. ಮಳೆ ಹನಿಯದೆ ಕಾದದ್ದು ಅವನ ದಯೆ. ಪಾಯಸ ಸಾಕಾದದ್ದು ಇನ್ನೂ ದೊಡ್ಡ ದಯೆ. ಆ ವರ್ಷದ ಬಾಡಿಗೆ ಕಟ್ಟಿಯಾಯಿತು, ಚಾವಡಿ ಉಳಿಯಿತು. ಪ್ಲೂಟೊ ಜಗಳ ಮಾರನೇ ದಿನವೇ ಮುಂದುವರಿಯಿತು.

ಅಲ್ಲಿಂದೀಚೆಗೆ ಶ್ರಾವಣ ಬಂದರೆ ಮೇಷ್ಟ್ರು ಎರಡೇ ಮಾತು ಬರೆಯುತ್ತಿದ್ದರು: ಚಾವಡಿ ನಡೆಯಬೇಕು, ಕೊಡಿ. ಈ ಸಲ ಆ ಕೆಲಸ ನನಗೆ ಬಂತು. ಕೈ ತೊಳೆದುಕೊಂಡು, ಇದೆಷ್ಟು ಹೊತ್ತಿನ ಕೆಲಸ ಎಂದು ಜಗಲಿಯ ಮೇಲೆ ಕೂತೆ. ಹುಣಸೆ ವಾಸನೆಯಿಂದ ಶುರುಮಾಡಿದೆ. ಈಗ ಬಿಸಿಲು ತುಳಸಿಕಟ್ಟೆ ದಾಟಿದೆ, ಚೊಂಬು ಒಣಗಿ ಬೆಳ್ಳಗೆ ಕಲೆ ಕಟ್ಟಿದೆ, ಅದನ್ನು ಮತ್ತೆ ಉಜ್ಜಬೇಕು. ಅತ್ತೆ ಒಳಗಿಂದ ಕೂಗಿದರು.

"ಕೇಳ್ದೇನಮ್ಮಿ?"

"ಬರೀತಾ ಇವ್ನಿ ಅತ್ತೆ."

"ಬರಿಯಾಕೆ ಯಾರಂದ್ರು? ಕೇಳು ಅಂದ್ರಲ್ವಾ?"

ತಿರುಗಿ ಓದಿಕೊಂಡೆ. ಬ್ರಹ್ಮಾಂಡ, ಗುರುತ್ವಾಕರ್ಷಣೆ ಬಿಟ್ಟರೆ ಮಿಕ್ಕದ್ದೆಲ್ಲ ಮೇಷ್ಟ್ರ ಹಾಗೇ ಇದೆ. ಊರೆಲ್ಲ ಬೇಡಿದವಳು ನಾನು, ನಿಮ್ಮ ಬಾಗಿಲಲ್ಲಿ ನಿಂತು ಇಷ್ಟು ಹೊತ್ತೂ ಬಳೆಗಳ ಕಥೆಯನ್ನೇ ಹೇಳಿದ್ದೇನೆ. ಯಾಕೆಂದು ಈಗ ತಿಳಿಯುತ್ತಿದೆ. ಅವತ್ತೆಲ್ಲ ಬೇಡಿದವನು ಗೋವಿಂದ. ನಾನು ಚೊಂಬು ಹಿಡಿದವಳಷ್ಟೆ. ಈ ಚಾವಡಿ ಅವನಿಗೆ ಬೇಕಾದದ್ದಲ್ಲ. ಅವನಿಗೆ ಚಂದ್ರನ ತಿಂಗಳೂ ಒಂದೇ, ಸೂರ್ಯನ ತಿಂಗಳೂ ಒಂದೇ. ಇದು ನನಗೆ ಬೇಕಾದದ್ದು.

ಮೇಲಿರುವುದನ್ನೆಲ್ಲ ನೀವು ಓದದಿದ್ದರೂ ನಡೆಯುತ್ತದೆ. ಚಾವಡಿ ನನಗೆ ಬೇಕು. ಈ ತಿಂಗಳು ಬಾಡಿಗೆ ಕಟ್ಟಬೇಕು. ಕೊಡಿ.